ಭೂಪಟದಲ್ಲಿ ಇಲ್ಲದ ದೇಶಗಳು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಪ್ರೌಢಶಾಲೆ ಮತ್ತು ಪದವಿಪೂರ್ವ ವಿದ್ಯಾರ್ಥಿಗಳಿಗೆ ಏರ್ಪಡಿಸಿದ್ದ ಕಥಾ ಕಮ್ಮಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಕಥೆ ಬರೆಯುವುದು ಹೇಗೆ ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ಸಂಘದವರು ಕೇಳಿಕೊಂಡಿದ್ದರು. ಅಷ್ಟು ದೊಡ್ಡ ವಿಷಯವನ್ನು ಮುಕ್ಕಾಲು ಗಂಟೆಯಲ್ಲಿ ಹೇಳಿ ಮುಗಿಸುವ ಧೈರ್ಯ ನನಗಿಲ್ಲ. ಆದುದರಿಂದ ಅದರ ಒಂದು ಮೂಲೆಯನ್ನು ಮಾತ್ರ ಆರಿಸಿಕೊಂಡಿದ್ದೇನೆ. ಕಥೆಗಾರನು ಭೂಪಟದಲ್ಲಿ ಇಲ್ಲದ ಒಂದು ದೇಶವನ್ನು ಕಟ್ಟುತ್ತಾನೆ. ಆ ದೇಶಕ್ಕೆ ಬೇಕಾದ ಕಲ್ಲು, ಮಣ್ಣು, ಮರಗಳನ್ನು ಮಾತ್ರ ಭೂಪಟದಲ್ಲಿರುವ ನಿಜವಾದ ದೇಶಗಳಿಂದಲೇ ತರುತ್ತಾನೆ. ಹೀಗೆ ತರುವುದು ಸರಿಯೇ? ತರುವುದಾದರೆ ಏನನ್ನು ತರಬೇಕು, ಏನನ್ನು ತರಬಾರದು? ಇದು ಇಂದಿನ ಪ್ರಶ್ನೆ.

ಈ ಪ್ರಶ್ನೆ ನನಗೆ ಎದುರಾದದ್ದು ಪುಸ್ತಕದಲ್ಲಿ ಅಲ್ಲ, ನಮ್ಮದೇ ಮಕ್ಕಳ ಉತ್ತರ ಪತ್ರಿಕೆಗಳ ನಡುವೆ. ಹಿಂದೊಮ್ಮೆ ಒಂದು ಕಥಾ ಸ್ಪರ್ಧೆಗೆ ತೀರ್ಪುಗಾರನಾಗಿದ್ದೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ‘ಜಬ್ರಿಸ್ತಾನ’ ಎಂಬ ದೇಶದ ಕಥೆ ಬರೆದಿದ್ದ. ದೇಶದ ತುಂಬ ಮರಳು, ಮರಳಿನ ತುಂಬ ಒಂಟೆ. ಗಡ್ಡ ಬಿಟ್ಟವರೆಲ್ಲರ ಕೈಯಲ್ಲಿ ಬಂದೂಕು. ಹೆಂಗಸರು ಇದ್ದರೂ ಒಂದು ಮಾತೂ ಆಡುವುದಿಲ್ಲ. ಕೊನೆಗೆ ದೂರದ ದೇಶದಿಂದ ಹೆಲಿಕಾಪ್ಟರಿನಲ್ಲಿ ಒಬ್ಬ ವೀರ ಇಳಿದು ಎಲ್ಲರನ್ನೂ ಹೊಡೆದು ಹಾಕುತ್ತಾನೆ. ಭಾಷೆ ಚೆನ್ನಾಗಿತ್ತು, ಅಕ್ಷರ ದುಂಡಾಗಿತ್ತು. ಹುಡುಗನನ್ನು ಕರೆಸಿದೆ.

“ಮಗಾ, ಈ ದೇಶ ಎಲ್ಲಿದೆ?” ಎಂದು ಕೇಳಿದೆ.

“ಎಲ್ಲಿಯೂ ಇಲ್ಲ ಸರ್, ಕಲ್ಪನೆ.”

“ಯಾವುದನ್ನು ನೋಡಿ ಕಲ್ಪನೆ ಮಾಡಿದೆ?”

“ಸಿನಿಮಾದಲ್ಲಿ, ವೀಡಿಯೋ ಗೇಮಿನಲ್ಲಿ ಎಲ್ಲ ಹಾಗೆಯೇ ಇರುತ್ತದಲ್ಲ ಸರ್.”

“ನಿಮ್ಮ ಮನೆಯಿಂದ ಯಾರಾದರೂ ಆ ಕಡೆ ಹೋದವರು ಇದ್ದಾರೆಯೇ?”

“ತಂದೆ ಹನ್ನೊಂದು ವರ್ಷದಿಂದ ದಮ್ಮಾಮಿನಲ್ಲಿ ಇದ್ದಾರೆ ಸರ್.”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮರಳುಗಾಡಿನ ದೇಶದ ವಿಷಯ ಆ ಹುಡುಗನ ಮನೆಗೆ ಪ್ರತಿ ಶುಕ್ರವಾರ ಫೋನಿನಲ್ಲಿ ಬರುತ್ತಿತ್ತು. ಆದರೆ ಅವನ ಕಥೆಗೆ ಬಂದ ಮರಳುಗಾಡು ಬೇರೆ ಯಾರೋ ಕಟ್ಟಿದ್ದು. ಆ ಹುಡುಗನ ಬಳಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮುಂಚೆ ದೊಡ್ಡ ಬರಹಗಾರರು ಈ ಕೆಲಸವನ್ನು ಹೇಗೆ ಮಾಡಿದರೆಂದು ನೋಡೋಣ.

ಹೆಸರು ಬದಲಿಸುವುದು ಏಕೆ?

ಮೊದಲ ಕಾರಣ ಭಯ. 1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ‘ಯುಟೋಪಿಯಾ’ ಎಂಬ ಪುಸ್ತಕವನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ. ಗ್ರೀಕ್ ಮೂಲದ ಆ ಹೆಸರಿನ ಅರ್ಥ ‘ಎಲ್ಲಿಯೂ ಇಲ್ಲದ ಸ್ಥಳ’. ಖಾಸಗಿ ಆಸ್ತಿ ಇಲ್ಲದ ಒಂದು ದ್ವೀಪದ ಕಥೆ ಅದು. ಅದನ್ನು ಓದಿದವರಿಗೆ, ಹೊಲಗಳನ್ನೆಲ್ಲ ಕುರಿ ಮೇಯಿಸಲು ಬೇಲಿ ಹಾಕಿಸಿಕೊಂಡು ರೈತರನ್ನು ಬೀದಿಗೆ ತಳ್ಳಿದ ಇಂಗ್ಲೆಂಡಿನ ಸಿರಿವಂತರು ನೆನಪಾಗದೆ ಇರುತ್ತಿರಲಿಲ್ಲ. ರಾಜನ ಆಸ್ಥಾನದ ನಂಟಿದ್ದವನು ರಾಜ್ಯದ ತಪ್ಪನ್ನು ನೇರವಾಗಿ ಹೇಳುವುದು ಸುಲಭವಲ್ಲ. ಮುಂದೆ 1535ರಲ್ಲಿ ಅದೇ ಮೋರ್ ರಾಜನ ಇಷ್ಟಕ್ಕೆ ತಲೆಬಾಗದ ಕಾರಣಕ್ಕೆ ತಲೆಯನ್ನೇ ಕೊಡಬೇಕಾಯಿತು ಎಂಬುದನ್ನು ನೆನೆದರೆ ಆ ಕಾಲದಲ್ಲಿ ಮಾತಿನ ಬೆಲೆ ಎಷ್ಟಿತ್ತೆಂದು ತಿಳಿಯುತ್ತದೆ.

ಎರಡನೆಯ ಕಾರಣ ನಗು. ಜೊನಾಥನ್ ಸ್ವಿಫ್ಟ್ 1726ರಲ್ಲಿ ಬರೆದ ಗಲಿವರನ ಪ್ರವಾಸ ಕಥೆಯನ್ನು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಆರು ಅಂಗುಲದ ಜನರಿರುವ ಲಿಲಿಪುಟ್ ದೇಶಕ್ಕೂ ಪಕ್ಕದ ಬ್ಲೆಫುಸ್ಕು ದೇಶಕ್ಕೂ ಜಗಳ. ಕಾರಣವೇನು? ಬೇಯಿಸಿದ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಚೂಪು ತುದಿಯಿಂದ ಒಡೆಯಬೇಕೋ ಎಂಬುದು. ಎರಡು ದೇಶಗಳ ನಡುವೆ ಇರುವುದು ಕೇವಲ 800 ಗಜ ಅಗಲದ ಒಂದು ಜಲಸಂಧಿ. ಇಂಗ್ಲೆಂಡಿನ ಓದುಗರಿಗೆ ಇದು ಇಂಗ್ಲೆಂಡ್ ಮತ್ತು ಫ್ರಾನ್ಸ್, ಇದು ಪ್ರಾಟೆಸ್ಟಂಟ್ ಮತ್ತು ಕ್ಯಾಥೊಲಿಕ್ ಜಗಳ ಎಂದು ತಿಳಿಯಲು ಎರಡು ನಿಮಿಷ ಸಾಕಾಗಿತ್ತು. ಹೆಸರು ಹೇಳಿದ್ದರೆ ಎರಡೂ ಕಡೆಯವರು ಸಿಟ್ಟಾಗುತ್ತಿದ್ದರು. ಹೆಸರು ಹೇಳದಿದ್ದುದರಿಂದ ಮೊದಲು ನಕ್ಕರು, ಆಮೇಲೆ ಯೋಚಿಸಿದರು. ನಮ್ಮ ಊರುಗಳಲ್ಲಿಯೂ ಮೊಟ್ಟೆಯ ತುದಿಗಾಗಿ ಮಾತು ಬಿಟ್ಟ ಸಂಬಂಧಿಕರು ಇಲ್ಲವೇ? ಯೋಚಿಸಿ ನೋಡಿ.

ಮೂರನೆಯ ಕಾರಣ ಸ್ವಾತಂತ್ರ್ಯ. ಹಲವು ದೇಶಗಳಲ್ಲಿ ನಡೆದದ್ದನ್ನು ಒಂದೇ ದೇಶದಲ್ಲಿ ಸೇರಿಸಿ ಹೇಳುವ ಸ್ವಾತಂತ್ರ್ಯ. ಜೋಸೆಫ್ ಕಾನ್ರಾಡ್ 1904ರಲ್ಲಿ ಬರೆದ ‘ನಾಸ್ಟ್ರೊಮೊ’ ಕಾದಂಬರಿಯಲ್ಲಿ ಕೊಸ್ತಾಗ್ವಾನಾ ಎಂಬ ದಕ್ಷಿಣ ಅಮೆರಿಕದ ದೇಶವಿದೆ. ಬೆಳ್ಳಿಯ ಗಣಿ, ವಿದೇಶಿ ಬಂಡವಾಳ, ಒಂದಾದ ಮೇಲೊಂದು ದಂಗೆ. ಕೊನೆಗೆ ಗಣಿ ಇರುವ ಪ್ರಾಂತ್ಯವೇ ಬೇರೆ ದೇಶವಾಗುತ್ತದೆ. ಕಾದಂಬರಿ ಬರುವ ಹಿಂದಿನ ವರ್ಷ, 1903ರ ನವೆಂಬರಿನಲ್ಲಿ, ಅಮೆರಿಕದ ಬೆಂಬಲದಿಂದ ಪನಾಮಾ ಪ್ರಾಂತ್ಯ ಕೊಲಂಬಿಯಾದಿಂದ ಬೇರೆಯಾಗಿತ್ತು. ಕಾನ್ರಾಡ್ ಆ ಭಾಗವನ್ನು ಕಂಡದ್ದು ಎಳೆಯ ನಾವಿಕನಾಗಿದ್ದಾಗ, ಅದೂ ಸ್ವಲ್ಪ ಸಮಯ ಮಾತ್ರ. ಉಳಿದುದನ್ನು ಪುಸ್ತಕಗಳಿಂದ ಸಂಗ್ರಹಿಸಿದ. ಕೊಸ್ತಾಗ್ವಾನಾ ಯಾವ ಒಂದು ದೇಶದ ಪಡಿಯಚ್ಚೂ ಅಲ್ಲ. ಗಣಿಯ ಒಡೆತನ ಯಾರದೋ ಅಧಿಕಾರವೂ ಅವರದೇ ಆಗುವ ಎಲ್ಲ ದೇಶಗಳ ಕಥೆ ಅದು.

ಸಿಲ್ಡೇವಿಯಾದಿಂದ ಕಲಿಯುವ ಪಾಠ

ಇನ್ನು ಮಕ್ಕಳ ಪುಸ್ತಕವೊಂದನ್ನು ತೆಗೆದುಕೊಳ್ಳೋಣ. ಬೆಲ್ಜಿಯಂನ ಎರ್ಜೆ ಎಂಬ ಚಿತ್ರಕಾರ ರಚಿಸಿದ ‘ಟಿನ್‌ಟಿನ್’ ಚಿತ್ರಕಥೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1938ರ ಆಗಸ್ಟಿನಿಂದ 1939ರ ಆಗಸ್ಟಿನವರೆಗೆ ಒಂದು ವರ್ಷ ಧಾರಾವಾಹಿಯಾಗಿ ಬಂದ ಕಥೆಯಲ್ಲಿ ಸಿಲ್ಡೇವಿಯಾ ಎಂಬ ಸಣ್ಣ ರಾಜ್ಯವಿದೆ. ಪಕ್ಕದ ಬೋರ್ಡೂರಿಯಾ ಅದನ್ನು ನುಂಗಲು ಹೊಂಚು ಹಾಕುತ್ತಿದೆ. ಒಳಗಿನ ಪಿತೂರಿಗಾರನ ಹೆಸರು ಮುಸ್ಟ್ಲರ್. ಮುಸೊಲಿನಿಯ ಅರ್ಧ, ಹಿಟ್ಲರನ ಅರ್ಧ ಸೇರಿಸಿದ ಹೆಸರು. 1938ರ ಮಾರ್ಚಿನಲ್ಲಷ್ಟೇ ಹಿಟ್ಲರ್ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡಿದ್ದ. ಕಥೆ ಇನ್ನೂ ನಡೆಯುತ್ತಿರುವಾಗಲೇ, 1939ರ ಏಪ್ರಿಲಿನಲ್ಲಿ, ಮುಸೊಲಿನಿಯ ಸೈನ್ಯ ಅಲ್ಬೇನಿಯಾಕ್ಕೆ ನುಗ್ಗಿತು. ಅಂದಿನ ಮಕ್ಕಳು ಅದನ್ನು ಸಾಹಸ ಕಥೆಯೆಂದು ಓದಿರಬಹುದು, ಅವರ ತಂದೆ-ತಾಯಂದಿರಿಗೆ ಅದು ದಿನಪತ್ರಿಕೆಯ ಸುದ್ದಿಯಾಗಿ ಕಂಡಿರಬೇಕು.

ಇಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಎರ್ಜೆಯ ಶ್ರಮ. ಕಥೆಯ ನಡುವೆ ನಾಯಕನು ವಿಮಾನದಲ್ಲಿ ಕುಳಿತು ಸಿಲ್ಡೇವಿಯಾದ ಪ್ರವಾಸಿ ಕೈಪಿಡಿಯೊಂದನ್ನು ಓದುತ್ತಾನೆ. ಆ ಕೈಪಿಡಿಯ ಪುಟಗಳನ್ನೇ ನಮ್ಮ ಮುಂದೆ ಬಿಡಿಸಿಡುತ್ತಾರೆ. ಅದರಲ್ಲಿ ದೇಶದ ಇತಿಹಾಸವಿದೆ, ತುರ್ಕರ ಆಳ್ವಿಕೆಯ ನೆನಪಿದೆ, ಹಳೆಯ ಯುದ್ಧದ ಸೂಕ್ಷ್ಮಚಿತ್ರವಿದೆ, ಜನರ ಉಡುಪಿದೆ. ಬಾಲ್ಕನ್ ಪ್ರದೇಶದ ದೇಶಗಳನ್ನು ಬಲ್ಲವರಿಗೆ ಇದೆಲ್ಲ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಸಿಲ್ಡೇವಿಯಾದ ಭಾಷೆಯನ್ನಂತೂ ಎರ್ಜೆ ದೂರದಿಂದ ತರಲಿಲ್ಲ. ಬ್ರಸೆಲ್ಸ್ ನಗರದ ಬಡಜನರ ಕೇರಿಯ ಆಡುಮಾತನ್ನೇ ತಿರುಚಿ ಬರೆದ. ತನ್ನ ಊರಿನ ಮಾತು, ನೆರೆಯವರ ಇತಿಹಾಸ, ಆ ವರ್ಷದ ಭಯ, ಈ ಮೂರು ಸೇರಿ ಒಂದು ದೇಶವಾಯಿತು.

ಇದಕ್ಕೂ ಮುಂಚೆ, 1894ರಲ್ಲಿ, ಆಂಟನಿ ಹೋಪ್ ಎಂಬವರು ರುರಿಟೇನಿಯಾ ಎಂಬ ರಾಜ್ಯವನ್ನು ಸೃಷ್ಟಿಸಿದ್ದರು. ಅದು ಕೋಟೆ, ಕತ್ತಿ, ಅರಮನೆಯ ದೇಶ, ಓದಲು ಸೊಗಸು. ಅಂತರರಾಷ್ಟ್ರೀಯ ಕಾನೂನಿನ ಪುಸ್ತಕಗಳಲ್ಲಿ ಇಂದಿಗೂ ಉದಾಹರಣೆಗೆ ಒಂದು ದೇಶ ಬೇಕಾದಾಗ ರುರಿಟೇನಿಯಾ ಎಂದು ಬರೆಯುವ ರೂಢಿ ಇದೆ. ಆದರೆ ಅಲ್ಲಿಯ ಜನ ಏನು ತಿಂದು ಬದುಕುತ್ತಾರೆಂದು ಕೇಳಿದರೆ ಹೇಳುವುದು ಕಷ್ಟ. ರುರಿಟೇನಿಯಾಕ್ಕೂ ಸಿಲ್ಡೇವಿಯಾಕ್ಕೂ ಇರುವ ವ್ಯತ್ಯಾಸ ಇಷ್ಟೇ. ಒಂದು ರಜೆಯ ದೇಶ, ಇನ್ನೊಂದು ಅಪಾಯದಲ್ಲಿರುವ ದೇಶ.

ಬೇಗಂ ರುಕಿಯಾ ಕಟ್ಟಿದ ನಾಡು

ಈಗ ನಮಗೆ ಅತ್ಯಂತ ಹತ್ತಿರದ ಉದಾಹರಣೆಗೆ ಬರುತ್ತೇನೆ. ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಬೇಕು.

1880ರಲ್ಲಿ ಬಂಗಾಳದ ರಂಗಪುರ ಜಿಲ್ಲೆಯ ಪೈರಾಬಂದ್ ಎಂಬ ಹಳ್ಳಿಯಲ್ಲಿ, ಇಂದಿನ ಬಾಂಗ್ಲಾದೇಶದಲ್ಲಿ, ಒಬ್ಬ ಹೆಣ್ಣುಮಗು ಹುಟ್ಟಿತು. ಜಮೀನ್ದಾರರ ಮನೆ. ಹೆಣ್ಣುಮಕ್ಕಳಿಗೆ ಕಟ್ಟುನಿಟ್ಟಿನ ಪರ್ದಾ. ಬಂಗಾಳಿಯನ್ನಾಗಲಿ ಇಂಗ್ಲಿಷನ್ನಾಗಲಿ ಕಲಿಯುವಂತಿಲ್ಲ. ಅಣ್ಣ ಇಬ್ರಾಹಿಂ ಸಾಬೆರ್ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ತಂಗಿಗೆ ಇಂಗ್ಲಿಷ್ ಕಲಿಸಿದರು. ಅಕ್ಕ ಕರೀಮುನ್ನಿಸಾ ಬಂಗಾಳಿಗೆ ಆಸರೆಯಾದರು. ಆಕೆಯೇ ಮುಂದೆ ಬೇಗಂ ರುಕಿಯಾ ಸಖಾವತ್ ಹುಸೇನ್ ಎಂದು ಹೆಸರಾದವರು.

ಪತಿ ಸಯ್ಯಿದ್ ಸಖಾವತ್ ಹುಸೇನ್ ಭಾಗಲ್ಪುರದಲ್ಲಿ ಸರಕಾರಿ ಅಧಿಕಾರಿ. ಅವರು ಪ್ರವಾಸ ಹೋಗಿದ್ದಾಗ ಮನೆಯಲ್ಲಿ ಒಬ್ಬರೇ ಇದ್ದ ರುಕಿಯಾ ಹೊತ್ತು ಕಳೆಯಲೆಂದು ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ‘ಸುಲ್ತಾನಾಳ ಕನಸು’ ಎಂಬ ಆ ಕಥೆ 1905ರಲ್ಲಿ ನಮ್ಮ ಪಕ್ಕದ ಮದರಾಸಿನಿಂದ ಹೊರಡುತ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಪತಿ ಹಿಂತಿರುಗಿ ಬಂದು, ನಿಂತಲ್ಲಿಯೇ ನಿಂತು ಪೂರ್ತಿ ಓದಿ, ಇದು ಭಯಂಕರವಾದ ಸೇಡು ಎಂದರೆಂದು ರುಕಿಯಾ ನೆನಪಿಸಿಕೊಂಡಿದ್ದಾರೆ. ಓದಿ ಸಿಟ್ಟಾಗಲಿಲ್ಲ. ಪ್ರಕಟಿಸಲು ಬೆಂಬಲವಾಗಿಯೇ ನಿಂತರು.

ಸೇಡು ಏಕೆ? ಕಥೆಯಲ್ಲಿ ಸುಲ್ತಾನಾ ಆರಾಮಕುರ್ಚಿಯಲ್ಲಿ ಕುಳಿತಿರುವಾಗ ಗೆಳತಿಯಂತಿರುವ ಸಾರಾ ಎಂಬಾಕೆ ಬಂದು ಹೊರಗೆ ಕರೆದೊಯ್ಯುತ್ತಾಳೆ. ಹಿಂದೆ ದಾರ್ಜಿಲಿಂಗಿನಲ್ಲಿ ಇಬ್ಬರೂ ಹೀಗೆ ನಡೆದಾಡುತ್ತಿದ್ದುದು ಸುಲ್ತಾನಾಳಿಗೆ ನೆನಪಾಗುತ್ತದೆ. ಆದರೆ ಇದು ದಾರ್ಜಿಲಿಂಗ್ ಅಲ್ಲ, ಹೆಂಗಸರ ನಾಡು. ಇಲ್ಲಿ ಗಂಡಸರು ಒಳಮನೆಯಲ್ಲಿ ಇರುತ್ತಾರೆ. ಜನಾನಾದ ಬದಲು ಮರ್ದಾನಾ! ಹೆಂಗಸರು ಹೊರಗಿನ ಕೆಲಸ ನಡೆಸುತ್ತಾರೆ. ಅಡುಗೆ ಬಿಸಿಲಿನ ಶಾಖದಲ್ಲಿ ಆಗುತ್ತದೆ, ಹೊಗೆಯೇ ಇಲ್ಲ. ಬಲೂನಿಗೆ ಕೊಳವೆ ಜೋಡಿಸಿ ಮೋಡದಿಂದ ನೀರನ್ನು ಇಳಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಇಪ್ಪತ್ತೊಂದು ವರ್ಷ ತುಂಬುವ ಮುಂಚೆ ಮದುವೆ ಇಲ್ಲ. ಆಶ್ರಯ ಬೇಡಿ ಬಂದ ನಿರಾಶ್ರಿತರನ್ನು ರಾಣಿ ಬಿಟ್ಟುಕೊಡದೆ ಇದ್ದಾಗ ಪಕ್ಕದ ರಾಜ ದಂಡೆತ್ತಿ ಬರುತ್ತಾನೆ. ಸೈನ್ಯ ಸೋಲುತ್ತದೆ. ಆಗ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಸಂಗ್ರಹಿಸಿಟ್ಟ ಸೂರ್ಯನ ಶಾಖವನ್ನು ಶತ್ರುಗಳ ಮೇಲೆ ಹಾಯಿಸಿ ದೇಶವನ್ನು ಉಳಿಸುತ್ತಾರೆ.

ಪ್ರಿಯ ಓದುಗರೇ, ಈ ನಾಡು ಯಾವ ದೇಶದ ಮಾದರಿ? ಬಂಗಾಳದ್ದೇ. ಪ್ರತಿಯೊಂದು ಇಟ್ಟಿಗೆಯೂ ಬಂಗಾಳದ್ದು. ಬಂಗಾಳದ ಅಡುಗೆಮನೆಯಲ್ಲಿ ಹೊಗೆ ಇತ್ತು, ಆದುದರಿಂದ ಇಲ್ಲಿ ಹೊಗೆ ಇಲ್ಲ. ಅಲ್ಲಿ ಸಾಂಕ್ರಾಮಿಕ ರೋಗ ಇತ್ತು, ಇಲ್ಲಿ ಇಲ್ಲ. ಅಲ್ಲಿ ಎಳೆ ಪ್ರಾಯದಲ್ಲಿ ಮದುವೆ, ಇಲ್ಲಿ ಅದಕ್ಕೆ ತಡೆ. ಅಲ್ಲಿ ಹೆಣ್ಣು ಒಳಗೆ, ಇಲ್ಲಿ ಗಂಡು ಒಳಗೆ. ಅಂಗಿಯನ್ನು ಒಳಮಗ್ಗುಲು ಹೊರಗಾಗಿ ತಿರುವಿದಂತೆ ಒಂದು ದೇಶವನ್ನೇ ತಿರುವಿ ತೋರಿಸಿದರು. ತಿರುವಿದಾಗಲೇ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಕಾಣುವುದು. ಗಂಡಸರನ್ನು ಕೂಡಿ ಹಾಕುವುದು ನ್ಯಾಯವೆಂದು ರುಕಿಯಾ ಹೇಳುತ್ತಿಲ್ಲ. ಅದು ಅನ್ಯಾಯವೆಂದು ನಿಮಗೆ ಅನಿಸಿದರೆ, ಇಷ್ಟು ಕಾಲ ನಡೆದದ್ದು ಏನು ಎಂದು ಕೇಳುತ್ತಿದ್ದಾರೆ. ಕಥೆಯೊಳಗೇ ಸಾರಾ ಕಲಕತ್ತೆಯ ಹೆಸರೆತ್ತಿ, ನಿಮ್ಮ ಜನ ಮನಸ್ಸು ಮಾಡಿದರೆ ನಿಮ್ಮ ಊರೂ ಇದಕ್ಕಿಂತ ಒಳ್ಳೆಯ ತೋಟವಾದೀತು ಎಂಬ ಅರ್ಥದ ಮಾತು ಹೇಳುತ್ತಾಳೆ.

ಆಕೆ ಕನಸು ಕಂಡು ಸುಮ್ಮನೆ ಕೂರಲಿಲ್ಲ. 1909ರಲ್ಲಿ ಪತಿ ತೀರಿಕೊಂಡರು. ಅದೇ ವರ್ಷ ಭಾಗಲ್ಪುರದಲ್ಲಿ ಐದು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪತಿಯ ಹೆಸರಿನಲ್ಲಿ ಶಾಲೆ ತೆರೆದರು. 1911ರಲ್ಲಿ ಶಾಲೆಯನ್ನು ಕಲಕತ್ತೆಗೆ ತಂದು ಎಂಟು ಮಕ್ಕಳಿಂದ ಮತ್ತೆ ಆರಂಭಿಸಿದರು. 1932ರ ಡಿಸೆಂಬರ್ 9ರಂದು ತೀರಿಕೊಳ್ಳುವವರೆಗೂ ಆ ಶಾಲೆಯೇ ಅವರ ಬದುಕಾಗಿತ್ತು. ಕಥೆಯಲ್ಲಿ ವಿಶ್ವವಿದ್ಯಾಲಯ ಕಟ್ಟಿದವರು ನಿಜದಲ್ಲಿ ಎಂಟು ಮಕ್ಕಳ ತರಗತಿ ಕಟ್ಟಿದರು. ಎಂಟು ಎಂಬ ಸಂಖ್ಯೆಯನ್ನು ಸಣ್ಣದೆಂದು ತಿಳಿಯಬೇಡಿ. ಶಾಲೆಗಳನ್ನು ಕಟ್ಟಿದ ಹಿರಿಯರು ಈ ಸಭೆಯಲ್ಲಿ ಇದ್ದಾರೆ, ಅವರನ್ನು ಕೇಳಿದರೆ ಮೊದಲ ಎಂಟು ಮಕ್ಕಳನ್ನು ಕರೆತರುವ ಕಷ್ಟ ಎಂಥದೆಂದು ಹೇಳುತ್ತಾರೆ.

ನಮ್ಮನ್ನು ಬೇರೆಯವರು ಕಟ್ಟಿದಾಗ

ಇನ್ನು ನಾಣ್ಯದ ಮತ್ತೊಂದು ಮುಖ. ಅಲಾದ್ದೀನನ ಕಥೆ ಎಲ್ಲರಿಗೂ ಗೊತ್ತು. 1709ರಲ್ಲಿ ಪ್ಯಾರಿಸ್ಸಿಗೆ ಬಂದಿದ್ದ ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬ ತರುಣ ಈ ಕಥೆಯನ್ನು ಆಂಟ್ವಾನ್ ಗಲ್ಲಾಂ ಎಂಬ ಫ್ರೆಂಚ್ ವಿದ್ವಾಂಸರಿಗೆ ಹೇಳಿದ. ಗಲ್ಲಾಂ ಅದನ್ನು ‘ಸಾವಿರದೊಂದು ರಾತ್ರಿ’ಯ ತಮ್ಮ ಅನುವಾದಕ್ಕೆ ಸೇರಿಸಿದರು. ನಿಮಗೆ ಆಶ್ಚರ್ಯವಾಗಬಹುದು, ಆ ಕಥೆಯಲ್ಲಿ ಅಲಾದ್ದೀನನ ಊರು ಇರುವುದು ಚೀನಾದಲ್ಲಿ! ಆದರೆ ಆ ಚೀನಾದಲ್ಲಿ ಸುಲ್ತಾನನಿದ್ದಾನೆ, ವಜೀರನಿದ್ದಾನೆ. ಹೆಸರು ಮಾತ್ರ ಚೀನಾ, ಒಳಗಿರುವುದೆಲ್ಲ ಕಥೆ ಹೇಳಿದವನ ಸೀಮೆಯ ಬದುಕು. ಕೇಳುವವರಿಗೆ ಬಲು ದೂರ ಎನಿಸಲಿ ಎಂದು ಚೀನಾ ಎಂದರು, ಅಷ್ಟೆ.

1992ರಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆ ಇದನ್ನು ಚಿತ್ರವಾಗಿ ಮಾಡಿತು. ಊರು ಮೊದಲು ಬಗ್ದಾದ್ ಎಂದೇ ಇತ್ತು. 1991ರ ಕೊಲ್ಲಿ ಯುದ್ಧದ ನಂತರ ಆ ಹೆಸರು ಬೇಡವೆಂದು ‘ಅಗ್ರಬಾ’ ಎಂದು ಬದಲಿಸಿದರು. ಬಗ್ದಾದ್ ಎಂದಿದ್ದರೆ ಗ್ರಂಥಾಲಯಗಳ, ವೈದ್ಯರ, ಗಣಿತಜ್ಞರ ಆ ನಗರಕ್ಕೆ ಸ್ವಲ್ಪವಾದರೂ ಉತ್ತರ ಕೊಡಬೇಕಾಗುತ್ತಿತ್ತು. ಅಗ್ರಬಾಕ್ಕೆ ಯಾರೂ ವಾರಸುದಾರರಿಲ್ಲ. ಅರಮನೆಯ ಗುಮ್ಮಟ ನಮ್ಮ ತಾಜ್ ಮಹಲನ್ನು ನೆನಪಿಸುತ್ತದೆ, ಸುತ್ತ ಅರೇಬಿಯದ ಮರಳು. ಆ ನಾಡಿನಲ್ಲಿ ಕಿವಿ ಕತ್ತರಿಸುತ್ತಾರೆಂಬ ಅರ್ಥದ ಮಾತು ಮೊದಲ ಹಾಡಿನಲ್ಲಿಯೇ ಇತ್ತು. ಅರಬ್ ಅಮೆರಿಕನ್ನರ ಸಂಘಟನೆ ಆಕ್ಷೇಪಿಸಿದ ಮೇಲೆ 1993ರಲ್ಲಿ ವೀಡಿಯೋ ಕ್ಯಾಸೆಟ್ ಬರುವಾಗ ಆ ಸಾಲನ್ನು ಬದಲಿಸಿದರು.

ಇದರಿಂದ ಏನಾಯಿತು, ಅದು ಮಕ್ಕಳ ಚಿತ್ರವಲ್ಲವೇ ಎಂದು ನೀವು ಕೇಳಬಹುದು. 2015ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಸಮೀಕ್ಷಾ ಸಂಸ್ಥೆ ಮತದಾರರನ್ನು, ಅಗ್ರಬಾದ ಮೇಲೆ ಬಾಂಬು ಹಾಕುವುದಕ್ಕೆ ನಿಮ್ಮ ಬೆಂಬಲ ಇದೆಯೇ ಎಂದು ಕೇಳಿತು. ಅದು ಇಲ್ಲದ ದೇಶವೆಂದು ಹೇಳಲಿಲ್ಲ. ರಿಪಬ್ಲಿಕನ್ ಪಕ್ಷದ ಮತದಾರರಲ್ಲಿ ಶೇ. 30ರಷ್ಟು ಮಂದಿ ಹೌದು ಎಂದರು, ಬೇಡ ಎಂದವರು ಶೇ. 13. ಡೆಮಾಕ್ರಟಿಕ್ ಪಕ್ಷದವರಲ್ಲಿ ಶೇ. 19 ಮಂದಿ ಹೌದು ಎಂದರು, ಶೇ. 36 ಮಂದಿ ಬೇಡ ಎಂದರು. ನಗು ಬರುತ್ತದೆ. ಆದರೆ ನಕ್ಕು ಮುಗಿದ ಮೇಲೆ ಯೋಚಿಸಿ. ಹೆಸರಿನ ಸದ್ದು ಮಾತ್ರದಿಂದಲೇ ಆ ಊರು ಬಾಂಬಿಗೆ ತಕ್ಕದ್ದೆಂದು ಅಷ್ಟು ಜನರಿಗೆ ಅನಿಸಿತು. ಆ ಅನಿಸಿಕೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಎಷ್ಟೋ ಚಿತ್ರಗಳಲ್ಲಿ, ಎಷ್ಟೋ ಕಥೆಗಳಲ್ಲಿ, ಹೆಸರಿಲ್ಲದ ಮರಳಿನ ದೇಶಗಳನ್ನು ನೋಡಿ ನೋಡಿ ಬಂದದ್ದು.

ಕಲ್ಪಿತ ದೇಶದ ಬಲವನ್ನು ಒಳ್ಳೆಯದಕ್ಕೂ ಬಳಸಬಹುದು. 1966ರಲ್ಲಿ ಅಮೆರಿಕದ ಚಿತ್ರಕಥೆಯೊಂದರಲ್ಲಿ ಹುಟ್ಟಿದ ವಕಾಂಡಾ ಎಂಬ ಆಫ್ರಿಕದ ದೇಶ, 2018ರಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರವಾಗಿ ಬಂತು. ಯಾರ ವಸಾಹತೂ ಆಗದೆ, ವಿಜ್ಞಾನದಲ್ಲಿ ಮುಂದಿರುವ ದೇಶ ಅದು. ಚಿತ್ರ ತಯಾರಿಸಿದವರು ದಕ್ಷಿಣ ಆಫ್ರಿಕದ ಕ್ಸೋಸಾ ಭಾಷೆಯನ್ನು, ಲೆಸೊಥೋ ದೇಶದ ಜನ ಹೊದೆಯುವ ಕಂಬಳಿಯನ್ನು ಕೇಳಿ, ನೋಡಿ ತಂದರು. 2019ರ ಡಿಸೆಂಬರಿನಲ್ಲಿ ಅಮೆರಿಕದ ಕೃಷಿ ಇಲಾಖೆಯ ಸುಂಕದ ಪಟ್ಟಿಯಲ್ಲಿ ವಕಾಂಡಾದ ಹೆಸರೂ ಕಾಣಿಸಿಕೊಂಡಿತು. ಸಿಬ್ಬಂದಿ ಪರೀಕ್ಷೆಗಾಗಿ ಹಾಕಿಕೊಂಡದ್ದೆಂದು ಹೇಳಿ ತೆಗೆದರು. ಒಂದು ಇಲ್ಲದ ದೇಶಕ್ಕೆ ಬಾಂಬು, ಇನ್ನೊಂದು ಇಲ್ಲದ ದೇಶದೊಂದಿಗೆ ವ್ಯಾಪಾರ! ಕಥೆಗಾರರು ಯಾವ ದೇಶವನ್ನು ಹೇಗೆ ಕಟ್ಟಿದರೆಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಬರೆಯುವವರಿಗೆ ಕೆಲವು ಮಾತು

ನಮ್ಮ ಕನ್ನಡಕ್ಕೆ ಈ ವಿದ್ಯೆ ಹೊಸದಲ್ಲ. ನಮ್ಮವರು ದೇಶವನ್ನಲ್ಲ, ಊರನ್ನು ಕಟ್ಟಿದರು. ಚಂದ್ರಶೇಖರ ಕಂಬಾರರ ಶಿವಾಪುರ ಇದೆ. ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿ ಇದೆ. ಮುತ್ತುಪ್ಪಾಡಿ ಬಸ್ಸಿನ ಬೋರ್ಡಿನಲ್ಲಿ ಸಿಗುವುದಿಲ್ಲ, ಆದರೆ ದಕ್ಷಿಣ ಕನ್ನಡದವರು ಓದಿದರೆ ಇದು ನಮ್ಮ ಪಕ್ಕದ ಊರೇ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆದ ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯೂ ಹಾಗೆಯೇ. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರು, ಜನ ಇಂದಿಗೂ ಅಲ್ಲಿ ಮಾಲ್ಗುಡಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಈ ಎಲ್ಲ ಉದಾಹರಣೆಗಳಿಂದ ನನಗೆ ತೋಚಿದ ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ವೇಷವನ್ನು ತರಬೇಡಿ, ಕಾರಣವನ್ನು ತನ್ನಿ. ಪೇಟ, ಗಡ್ಡ, ಒಂಟೆ ಇವು ವೇಷ. ಆ ದೇಶದಲ್ಲಿ ನೀರು ಎಲ್ಲಿಂದ ಬರುತ್ತದೆ, ಭೂಮಿ ಯಾರ ಹೆಸರಿನಲ್ಲಿದೆ, ಅಕ್ಕಿಯ ಬೆಲೆ ಯಾರು ನಿಶ್ಚಯಿಸುತ್ತಾರೆ, ತಪ್ಪು ಮಾಡಿದವನನ್ನು ಯಾರು ವಿಚಾರಿಸುತ್ತಾರೆ, ಇವು ಕಾರಣಗಳು. ಕಾನ್ರಾಡನ ದೇಶ ನಿಂತಿರುವುದು ಬೆಳ್ಳಿಯ ಗಣಿಯ ಮೇಲೆ, ಜನರ ಟೋಪಿಯ ಮೇಲೆ ಅಲ್ಲ.

ಎರಡು, ಹೆಸರಿಡುವಾಗ ಎಚ್ಚರಿಕೆ ಇರಲಿ. ‘ಸ್ತಾನ್’ ಎಂಬುದು ಫಾರ್ಸಿಯ ಮಾತು, ಜಾಗ ಎಂದರ್ಥ. ನಮ್ಮ ‘ಸ್ಥಾನ’ ಅದರ ಒಡಹುಟ್ಟು. ಗುಲಿಸ್ತಾನ್ ಎಂದರೆ ಹೂದೋಟ. ಇಂಥ ಚೆಂದದ ಮಾತನ್ನು ದುಷ್ಟರ ದೇಶಕ್ಕೆ ಮಾತ್ರ ಅಂಟಿಸುವ ಅಭ್ಯಾಸವನ್ನು ನಾವು ಎಲ್ಲಿಂದ ಕಲಿತೆವು? ಹೆಸರು ಕೇಳಿದ ಕೂಡಲೇ ಓದುಗನು ತೀರ್ಪು ಕೊಟ್ಟುಬಿಡುವಂತಿದ್ದರೆ ಆ ಹೆಸರು ಬೇಡ.

ಮೂರು, ಒಂದು ದೇಶದಲ್ಲಿ ಎರಡು ಅಭಿಪ್ರಾಯದ ಜನ ಇರಲಿ. ಯಾವ ದೇಶದಲ್ಲಿಯೂ ಎಲ್ಲರೂ ಒಂದೇ ರೀತಿ ಯೋಚಿಸುವುದಿಲ್ಲ. ಒಂದು ಮನೆಯಲ್ಲಿಯೇ ಯೋಚಿಸುವುದಿಲ್ಲ! ಪೈರಾಬಂದಿನ ಆ ಮನೆಯಲ್ಲಿ ಓದು ಬೇಡವೆಂದವರೂ ಇದ್ದರು, ರಾತ್ರಿ ದೀಪ ಹಚ್ಚಿ ಕಲಿಸಿದ ಅಣ್ಣನೂ ಇದ್ದ. ನಿಮ್ಮ ಕಲ್ಪನೆಯ ದೇಶದಲ್ಲಿ ಆ ಅಣ್ಣ ಇರಲೇಬೇಕು.

ನಾಲ್ಕು, ಇದೊಂದು ಪರೀಕ್ಷೆ. ನೀವು ಮಾದರಿಯಾಗಿ ತೆಗೆದುಕೊಂಡ ದೇಶದವನೊಬ್ಬ ನಿಮ್ಮ ಕಥೆಯನ್ನು ನಿಮ್ಮ ಮುಂದೆ ಕುಳಿತು ಓದುತ್ತಿದ್ದಾನೆಂದು ತಿಳಿಯಿರಿ. ಅವನಿಗೆ ಸಿಟ್ಟು ಬಂದರೆ ಬರಲಿ, ಸತ್ಯಕ್ಕೆ ಸಿಟ್ಟು ಬರುವುದುಂಟು. ಆದರೆ ಇದು ನಮ್ಮ ದೇಶವೇ ಅಲ್ಲ ಎಂದು ಅವನು ಪ್ರಾಮಾಣಿಕವಾಗಿ ಹೇಳುವಂತಿದ್ದರೆ ನೀವು ಸೋತಿರಿ. ನಮ್ಮ ಬಗ್ಗೆ ಬೇರೆಯವರು ಹಾಗೆ ಬರೆದಾಗ ನಮಗೆ ನೋವಾಗುತ್ತದೆ. ನಾವು ಬೇರೆ ಜನರ, ಬೇರೆ ಧರ್ಮದ, ಬೇರೆ ಬಣ್ಣದವರ ಬಗ್ಗೆ ಬರೆಯುವಾಗಲೂ ಆ ನೋವು ನೆನಪಿರಬೇಕು. ಇದರಲ್ಲಿ ನಮಗೆ ಮಾತ್ರ ರಿಯಾಯಿತಿ ಇಲ್ಲ.

ಕೊನೆಯದಾಗಿ, ಆ ಹುಡುಗನ ವಿಷಯ. ತಂದೆ ಫೋನಿನಲ್ಲಿ ಹೇಳುವುದನ್ನು ಒಂದು ತಿಂಗಳು ಬರೆದಿಟ್ಟುಕೋ ಎಂದು ಹೇಳಿ ಕಳುಹಿಸಿದ್ದೆ. ತಿಂಗಳಾದ ಮೇಲೆ ನೋಟುಪುಸ್ತಕ ತಂದ. ಒಂದು ಕೋಣೆಯಲ್ಲಿ ಆರು ಮಂಚ. ಬೀದಿ ತುದಿಯ ಬಖಾಲದ ಮಲಯಾಳಿ ಸಾಲ ಬರೆದುಕೊಳ್ಳುವ ಪುಸ್ತಕ. ಪಾಕಿಸ್ತಾನದ ಟ್ಯಾಕ್ಸಿ ಚಾಲಕನೊಬ್ಬ ಬಾಡಿಗೆ ಬೇಡವೆಂದು ಚಹಾ ಕುಡಿಸಿದ್ದು. ಜ್ವರ ಬಂದಾಗ ಅರಬಿ ಮನೆಯ ಮುದುಕಿಯೊಬ್ಬರು ಗಂಜಿ ಕಳುಹಿಸಿದ್ದು. ಹಾಗೆಯೇ, ಅಜ್ಜಿ ತೀರಿಕೊಂಡ ವರ್ಷ ಕಫೀಲ್ ಪಾಸ್‌ಪೋರ್ಟ್ ಕೊಡದೆ ತಂದೆ ಊರಿಗೆ ಬರಲಾಗದೆ ಉಳಿದದ್ದು. ಗಂಜಿ ಕಳುಹಿಸಿದವರೂ ಪಾಸ್‌ಪೋರ್ಟ್ ತಡೆದವನೂ ಒಂದೇ ದೇಶದವರು. ಜಬ್ರಿಸ್ತಾನದಲ್ಲಿ ಈ ಇಬ್ಬರಿಗೂ ಜಾಗವಿರಲಿಲ್ಲ.

ಆಮೇಲೆ ಅವನು ಒಂದು ಪ್ರಶ್ನೆ ಕೇಳಿದ. “ಸರ್, ದೇಶದ ಹೆಸರು ಹಾಕಿ ಬರೆದರೆ ತಂದೆಯ ಕೆಲಸಕ್ಕೆ ತೊಂದರೆಯಾದೀತೇ?”

ನಾನು ಇಷ್ಟು ಹೊತ್ತು ನಿಮಗೆ ಹೇಳಿದ ಐನೂರು ವರ್ಷದ ಇತಿಹಾಸವನ್ನು ಆ ಹುಡುಗ ಒಂದೇ ಪ್ರಶ್ನೆಯಲ್ಲಿ ಮುಟ್ಟಿಬಿಟ್ಟಿದ್ದ. ಕಲ್ಪನೆಯ ದೇಶ ಬೇಕಾಗುವುದು ಇಂಥ ಕಡೆ. ಗೊತ್ತಿಲ್ಲದ್ದನ್ನು ಮುಚ್ಚಲು ಅದನ್ನು ಬಳಸಬಾರದು. ಗೊತ್ತಿರುವ ಸತ್ಯವನ್ನು, ನಮ್ಮವರಿಗೆ ಹಾನಿಯಾಗದಂತೆ, ಹೇಳಲು ಬಳಸಬೇಕು. “ಹೆಸರು ಬದಲಿಸು, ಮಂಚಗಳು ಆರೇ ಇರಲಿ” ಎಂದೆ.

ಅವನು ಈಗ ಹೊಸ ದೇಶ ಕಟ್ಟುತ್ತಿದ್ದಾನೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಅವಸರವಿಲ್ಲ. ಅವನ ತಂದೆ ಬರುವ ರಜೆಗೆ ಊರಿಗೆ ಬರುತ್ತಾರಂತೆ, ಮೊದಲು ಅವರಿಗೆ ಓದಿ ಹೇಳಿ ಆಮೇಲೆ ನನಗೆ ಕೊಡುತ್ತೇನೆ ಎಂದಿದ್ದಾನೆ. ಸರಿಯಾದ ಕ್ರಮ ಅದೇ.